ಹಿತ್ತಲಿಗೆ ಬಂದ ಹಣ್ಣುಗಳು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಮನುಷ್ಯರ ವಿಷಯದಲ್ಲಿಯೇ ಬಳಸುತ್ತೇವೆ. ಅದನ್ನು ಹಿತ್ತಲಿಗೇ ಅನ್ವಯಿಸಿ ನೋಡಿದವರು ಕಡಿಮೆ. ಅರಮನೆಯ ಉಪವನಗಳನ್ನು ಕುರಿತು, ಕವಿಗಳ ನಂದನಗಳನ್ನು ಕುರಿತು, ಲಾಲ್‌ಬಾಗಿನಂಥ ಸಸ್ಯೋದ್ಯಾನಗಳನ್ನು ಕುರಿತು ಬೇಕಾದಷ್ಟು ಬರವಣಿಗೆಯಿದೆ. ಬಚ್ಚಲ ನೀರು ಹರಿದುಹೋಗುವ ಕಡೆ ತಾನಾಗಿ ಎದ್ದು ನಿಂತ ಪರಂಗಿಮರಕ್ಕೆ ಮಾತ್ರ ಚರಿತ್ರಕಾರನಿಲ್ಲ. ಆದರೆ ಆ ಮರ ತನ್ನ ಹೆಸರಿನಲ್ಲಿಯೇ ನಾಲ್ಕೂವರೆ ಶತಮಾನಗಳ ಚರಿತ್ರೆಯನ್ನು ಹೊತ್ತುಕೊಂಡಿದೆ. ನಮ್ಮ ಮನೆಗಳ ಹಿಂದೆ ಬೆಳೆದಿರುವ ಹಣ್ಣಿನ ಮರಗಳು ಎಲ್ಲೆಲ್ಲಿಂದ ಬಂದವು, ಬಂದವಕ್ಕೆ ಕನ್ನಡ ಯಾವ ರೀತಿಯಲ್ಲಿ ಮಣೆ ಹಾಕಿತು ಎಂಬುದನ್ನು ಈ ಹದಿನೈದು ನಿಮಿಷಗಳಲ್ಲಿ ಕೆಲಮಟ್ಟಿಗಾದರೂ ಹೇಳಬೇಕೆಂದಿದ್ದೇನೆ.

ನಾನು ಸಸ್ಯಶಾಸ್ತ್ರ ಓದಿದವನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದವನು. ನಿವೃತ್ತನಾದ ಮೇಲೆ ಸಾಗರದಲ್ಲಿರುವ ನಮ್ಮ ಮನೆಯ ಹಿಂದಣ ಜಾಗದಲ್ಲಿ ಹಣ್ಣಿನ ಗಿಡಗಳನ್ನು ಕೂಡಿಸತೊಡಗಿದೆ. ಈಗ ಇಪ್ಪತ್ತಮೂರು ಜಾತಿಗಳಿವೆ. ಯಾವುದಕ್ಕೆ ಯಾವಾಗ ಗೊಬ್ಬರ ಹಾಕಿದೆನೆಂದು ಗುರುತಿಟ್ಟುಕೊಳ್ಳಲು ಒಂದು ಪಟ್ಟಿ ಬರೆಯಹೊರಟರೆ ಅದು ಬರಬರುತ್ತ ನಿಘಂಟಿನ ಹಾದಿ ಹಿಡಿಯಿತು. ಇಪ್ಪತ್ತಮೂರರಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪಂಪನಿಗೂ ಹರಿಹರನಿಗೂ ಗೊತ್ತಿಲ್ಲದವು.

ಗೊತ್ತಿಲ್ಲದವು ಎಂದು ಹೇಳುವುದಕ್ಕೆ ಆಧಾರ ನಮ್ಮ ಹಳೆಯ ಕಾವ್ಯಗಳಲ್ಲಿಯೇ ಇದೆ. ಚಂಪೂಕಾವ್ಯಗಳ ವನವರ್ಣನೆಗಳಲ್ಲಿ ಮಾವು, ಹಲಸು, ಬಾಳೆ, ದಾಳಿಂಬೆ, ಮಾದಲ, ನೇರಳೆ, ತೆಂಗು, ಕೌಂಗುಗಳು ಮತ್ತೆ ಮತ್ತೆ ಬರುತ್ತವೆ. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಭಾಗವುಂಟು. ಬೀಜಕ್ಕೆ ಮಾಡಬೇಕಾದ ಸಂಸ್ಕಾರ, ಗಿಡದ ಪೋಷಣೆ, ಮರದ ರೋಗಗಳಿಗೆ ಚಿಕಿತ್ಸೆ ಎಲ್ಲವನ್ನೂ ಕನ್ನಡದಲ್ಲಿಯೇ ಹೇಳಿದ ಗ್ರಂಥ ಅದು. ಗೃಹಸ್ಥನಿಗೆ ಅಡುಗೆ, ವಾಸ್ತು, ವೈದ್ಯಗಳ ಜೊತೆಗೆ ಗಿಡ ಬೆಳೆಸುವುದೂ ತಿಳಿದಿರಬೇಕೆಂದು ಆ ಕವಿ ಭಾವಿಸಿದ್ದನೆಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಆದರೆ ಅವನ ಲೋಕದಲ್ಲಿ ಸೀಬೆಯಿಲ್ಲ, ಪರಂಗಿಯಿಲ್ಲ, ಸಪೋಟವಿಲ್ಲ, ಅನಾನಸಿಲ್ಲ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ನಮ್ಮ ವಿಷಯಕ್ಕೆ ಬಹಳ ಬೇಕಾದ ಸಾಕ್ಷಿ. ಎತ್ತರದಿಂದ ನಗರವನ್ನು ನೋಡಿದಾಗ ಮನೆಗಳ ಹಿತ್ತಲುಗಳಲ್ಲಿಯೇ ತೋಪುಗಳಿದ್ದುವೆಂದೂ ಅವುಗಳ ನಡುವೆ ನೀರಿನ ಕಾಲುವೆಗಳು ಹರಿಯುತ್ತಿದ್ದುವೆಂದೂ ಅವನು ಬರೆದಿದ್ದಾನೆ. ಹೊಳೆಯ ಬದಿಯ ತೋಟಗಳಲ್ಲಿ ಮಾವು, ಅಡಕೆ, ಹಲಸು, ನಿಂಬೆ, ಕಿತ್ತಳೆಗಳು ಕಾಡಿನಂತೆ ಒತ್ತಾಗಿ ಬೆಳೆದಿದ್ದುವು, ಬಿಳಿಯ ದ್ರಾಕ್ಷಿಯೂ ಇತ್ತು. ಕೃಷ್ಣದೇವರಾಯನ ರಾಜಧಾನಿಯ ಈ ಪಟ್ಟಿಯಲ್ಲಿ ಅಮೆರಿಕದ ಹಣ್ಣು ಒಂದೂ ಇಲ್ಲ. ಕೊಲಂಬಸ್ ಅತ್ತ ಕಡಲು ದಾಟಿ ಆಗಲೇ ಮೂವತ್ತು ವರ್ಷಗಳಾಗುತ್ತ ಬಂದಿದ್ದರೂ ಹೊಸ ಲೋಕದ ಬೀಜಗಳು ಇನ್ನೂ ನಮ್ಮ ಘಟ್ಟವನ್ನು ಹತ್ತಿರಲಿಲ್ಲವೆಂದು ತೋರುತ್ತದೆ.

ಆಮೇಲಿನ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಎಲ್ಲವೂ ಬದಲಾಯಿತು. ಕೊಚ್ಚಿಯ ತೋಟಗಳಲ್ಲಿ ಗೇರುಮರವನ್ನು ಕಂಡ ಸಂಗತಿಯನ್ನು ಕ್ರಿಸ್ತೋವಾವೊ ದ ಕೋಸ್ತ ಎಂಬ ವೈದ್ಯ 1578ರಲ್ಲಿ ಪ್ರಕಟಿಸಿದ. 1583ರಿಂದ ಐದಾರು ವರ್ಷ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟನ್ ಪರಂಗಿಹಣ್ಣಿನ ದಾರಿಯನ್ನೇ ಹೇಳುತ್ತಾನೆ: ಅದು ಸ್ಪೇನಿನವರ ಅಮೆರಿಕದಿಂದ ಫಿಲಿಪ್ಪೀನ್ಸಿಗೆ, ಅಲ್ಲಿಂದ ಮಲಾಕಾಕ್ಕೆ, ಮಲಾಕಾದಿಂದ ಇಲ್ಲಿಗೆ ಬಂತು. ಎಂದರೆ ನಮ್ಮ ಪರಂಗಿ ಪಡುಗಡಲಿನ ತೀರಕ್ಕೆ ಬಂದದ್ದು ಮೂಡಣ ದಿಕ್ಕಿನಿಂದ! ಅನಾನಸು ಇನ್ನೂ ಚುರುಕು. ಹದಿನೇಳನೆಯ ಶತಮಾನದ ಆದಿಯಲ್ಲಿ ಆಗ್ರಾದ ಗುಲ್ ಅಫ್‌ಶಾನ್ ತೋಟದಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಅನಾನಸು ಬೆಳೆಯುತ್ತಿದ್ದುವೆಂದು ಜಹಾಂಗೀರ್ ಬಾದಶಹನೇ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಈ ಕಾಲದ ಒಬ್ಬ ವ್ಯಕ್ತಿಯನ್ನು ನಾನು ಮನೆಯ ಹಿತ್ತಲಿನ ಮೊದಲ ಇತಿಹಾಸಕಾರನೆಂದು ಕರೆಯುತ್ತೇನೆ. ಅವನು ಗಾರ್ಸಿಯ ದ ಓರ್ತ. ಯೆಹೂದ್ಯ ಮನೆತನದವನು, ಕ್ರೈಸ್ತಮತಕ್ಕೆ ಬಲಾತ್ಕಾರದಿಂದ ಸೇರಿಸಲ್ಪಟ್ಟ ಕುಟುಂಬದವನು. 1534ರಲ್ಲಿ ಗೋವೆಗೆ ಬಂದು ವೈದ್ಯನಾಗಿ ನೆಲೆನಿಂತ. ಬೊಂಬಾಯಿಯ ದ್ವೀಪವನ್ನು ಗೇಣಿಗೆ ಪಡೆದು ಅಲ್ಲೊಂದು ಮನೆಯನ್ನೂ ತೋಟವನ್ನೂ ಮಾಡಿಕೊಂಡಿದ್ದ. 1563ರಲ್ಲಿ ಗೋವೆಯಲ್ಲಿಯೇ ಅಚ್ಚಾದ ಅವನ ಗ್ರಂಥ ಸಂಭಾಷಣೆಯ ರೂಪದ್ದು. ಕೇಳುವ ಅತಿಥಿ ಯೂರೋಪಿನ ಪುಸ್ತಕಗಳನ್ನು ಉದಾಹರಿಸುತ್ತಾನೆ; ಹೇಳುವ ಯಜಮಾನ ತನ್ನ ತೋಟದ ಮರವನ್ನು ತೋರಿಸುತ್ತಾನೆ. ಮಾವು, ಹಲಸು, ಪುನರ್ಪುಳಿ ಇವೆಲ್ಲ ಆ ಪುಟಗಳಲ್ಲಿವೆ. ಪನ್ನೇರಳೆಯ ಮರ ಮಲಾಕಾದಿಂದ ಈಚೆಗಷ್ಟೇ ಬಂದದ್ದೆಂದು ಅವನು ಗುರುತಿಸಿದ್ದಾನೆ. ಬೊಂಬಾಯಿಯ ತನ್ನ ಮಾವಿನ ಮರವೊಂದು ವರ್ಷಕ್ಕೆ ಎರಡು ಸಲ ಫಲ ಕೊಡುತ್ತದೆಂದು ಹೇಳಿಕೊಳ್ಳುವಾಗ ಅವನ ದನಿಯಲ್ಲಿರುವ ಹೆಮ್ಮೆಯನ್ನು ಹಿತ್ತಲುಳ್ಳ ಯಾರಾದರೂ ಬಲ್ಲರು. ಪುರಾತನ ಗ್ರೀಕರ ಮಾತಿಗಿಂತ ತನ್ನ ಕಣ್ಣು ಕಂಡದ್ದೇ ಹೆಚ್ಚಿನದೆಂದು ಆ ಕಾಲದಲ್ಲಿ ಅಚ್ಚಿನಲ್ಲಿ ಹೇಳುವುದಕ್ಕೆ ಧೈರ್ಯ ಬೇಕಾಗಿತ್ತು. ಓರ್ತ 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿಯನ್ನು ಧರ್ಮವಿಚಾರಣೆಯ ನ್ಯಾಯಾಲಯ ಗೋವೆಯಲ್ಲಿ ಸುಡಿಸಿತು. 1580ರಲ್ಲಿ ಅವನ ಎಲುಬುಗಳನ್ನು ಗೋರಿಯಿಂದ ಅಗೆದು ತೆಗೆದು ಅವನ್ನೂ ಸುಟ್ಟರು. ಅಷ್ಟು ಹೊತ್ತಿಗೆ ಅವನ ಪುಸ್ತಕದ ಲ್ಯಾಟಿನ್ ಸಂಗ್ರಹ ಯೂರೋಪಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು.

ಹಡಗಿನಲ್ಲಿ ಬಂದ ಹಣ್ಣುಗಳ ಸಂಗತಿ ಪ್ರವಾಸಿಗರ ಬರಹದಿಂದ ತಿಳಿಯುತ್ತದೆ. ಅವು ಹಡಗಿನಿಂದ ಇಳಿದು ನಮ್ಮ ಹಿತ್ತಲಿಗೆ ಬಂದ ಸಂಗತಿಯನ್ನು ಯಾರೂ ಬರೆದಿಡಲಿಲ್ಲ. ಯಾವ ಊರಿನ ಯಾವ ಹೆಂಗಸು ಮೊದಲು ಸೀಬೆಬೀಜವನ್ನು ಸಗಣಿಯುಂಡೆಯೊಳಗೆ ಊರಿ ಬಾವಿಯ ಪಕ್ಕದಲ್ಲಿ ನೆಟ್ಟಳೋ? ಆ ದಾಖಲೆ ಉಳಿದಿರುವುದು ಭಾಷೆಯಲ್ಲಿ ಮಾತ್ರ. ಅಲ್ಲಿ ಹುಡುಕಿದರೆ ಸೊಗಸಾದ ಸಂಗತಿಗಳು ಸಿಕ್ಕುತ್ತವೆ.

ಪರಂಗಿ ಎಂದರೆ ಫಿರಂಗಿ. ಅರಬರು ಪಾರಸಿಕರು ಯೂರೋಪಿನ ಫ್ರಾಂಕರನ್ನು ಕರೆದ ಹೆಸರು. ಹಣ್ಣಿನ ಗುಣವನ್ನಾಗಲಿ ಬಣ್ಣವನ್ನಾಗಲಿ ನೋಡದೆ, ತಂದವನ ಜಾತಿಯನ್ನು ನೋಡಿ ನಾವು ಇಟ್ಟ ಹೆಸರು ಇದು. ಸೀಬೆಯನ್ನು ಕರಾವಳಿಯಲ್ಲಿಯೂ ಉತ್ತರದಲ್ಲಿಯೂ ಪೇರಲ, ಪೇರಳೆ ಎನ್ನುವರಷ್ಟೆ. ಪೋರ್ಚುಗೀಸರಿಗೆ ‘ಪೇರ’ ಎಂದರೆ ಅವರ ತಾಯ್ನಾಡಿನ ಬೇರೊಂದು ಹಣ್ಣು, ನಾವು ಮರಸೇಬೆನ್ನುವುದು. ತಮಗೆ ಹೊಸದಾದ ಹಣ್ಣಿಗೆ ಅವರು ತಮ್ಮ ಹಳೆಯ ಹಣ್ಣಿನ ಹೆಸರು ಕೊಟ್ಟರು, ನಾವು ಆ ಹೆಸರನ್ನು ಹಣ್ಣಿನೊಡನೆ ಇಳಿಸಿಕೊಂಡೆವು. ಅನಾನಸು ಬ್ರೆಜಿಲಿನ ಮೂಲನಿವಾಸಿಗಳ ಮಾತು. ಸಪೋಟ ಮೆಕ್ಸಿಕೊದ ಅಜ್ಟೆಕರದು. ಚಿಕ್ಕು ಎಂಬುದೂ ಅವರ ನುಡಿಯಲ್ಲಿ ಆ ಮರದ ಅಂಟಿಗಿದ್ದ ಹೆಸರಿನ ಕವಲು. ಆ ಅಂಟನ್ನೇ ಮುಂದೆ ಅಮೆರಿಕನ್ನರು ಚ್ಯೂಯಿಂಗ್ ಗಮ್ ಮಾಡಿ ಮಾರಿದರು. ಸಾಮ್ರಾಜ್ಯ ಅಳಿದುಹೋದರೂ ಅದರ ಒಂದು ಶಬ್ದವನ್ನು ನಮ್ಮ ಸಂತೆಯಲ್ಲಿ ತಕ್ಕಡಿ ಹಿಡಿದವರು ದಿನವೂ ಕೂಗುತ್ತಾರೆ. ಮೋಸಂಬಿಯಲ್ಲಿ ಆಫ್ರಿಕದ ಮೊಜಾಂಬಿಕ್ ಅಡಗಿದೆ.

ಗೇರಿನ ಕತೆ ಇವೆಲ್ಲಕ್ಕಿಂತ ಸ್ವಾರಸ್ಯದ್ದು. ಗೇರು ಎಂಬುದು ನಮ್ಮ ಕಾಡಿನ ಹಳೆಯ ಮರವೊಂದರ ಹೆಸರು; ಅಗಸರು ಬಟ್ಟೆಗೆ ಗುರುತು ಹಾಕಲು ಯಾವುದರ ಕಾಯಿಯ ರಸವನ್ನು ಬಳಸುತ್ತಿದ್ದರೋ ಆ ಮರದ್ದು. ಗೋಡಂಬಿ ಎಂಬುದೂ ಅದೇ ಮರದ ಬೀಜದ ತಿರುಳಿಗೆ ಮರಾಠಿಯಲ್ಲಿರುವ ಮಾತು. ಬ್ರೆಜಿಲಿನಿಂದ ಬಂದ ಹೊಸ ಮರಕ್ಕೂ ಈ ಹಳೆಯ ಮರಕ್ಕೂ ದೂರದ ನಂಟಿದೆ. ಎರಡರ ಸಿಪ್ಪೆಯೂ ಸುಡುತ್ತದೆ. ಜನ ಆ ಹೋಲಿಕೆಯನ್ನು ಸಸ್ಯಶಾಸ್ತ್ರಜ್ಞರಿಗಿಂತ ಮೊದಲೇ ಕಂಡುಕೊಂಡು ಹೆಸರನ್ನು ಹೊಸಬನಿಗೆ ವರ್ಗಾಯಿಸಿಬಿಟ್ಟರು. ಪಾಪ, ಹಳೆಯ ಮನೆಯೊಡೆಯ ಈಗ ‘ಕರಿಗೇರು’ ಎಂದು ವಿಶೇಷಣ ಹಚ್ಚಿಕೊಂಡು ಓಡಾಡಬೇಕಾಗಿದೆ. ಸಾಲಕ್ಕೆ ಬಂದವನಿಗೆ ಮನೆಯನ್ನೇ ಬಿಟ್ಟುಕೊಟ್ಟ ಹಾಗಾಯಿತು.

ದಕ್ಷಿಣ ಸಮುದ್ರದ ದ್ವೀಪಗಳಿಂದ ಬಂದ ಮರವನ್ನು ದೀವಿಹಲಸು ಎಂದೆವು; ದೀವಿ ಎಂದರೆ ದ್ವೀಪ. ಆ ಗಿಡಗಳನ್ನು ವೆಸ್ಟ್ ಇಂಡೀಸಿಗೆ ಸಾಗಿಸಲು ಹೋಗಿ 1789ರಲ್ಲಿ ಕ್ಯಾಪ್ಟನ್ ಬ್ಲೈ ಎಂಬವನು ತನ್ನ ಹಡಗನ್ನೇ ದಂಗೆಕೋರರಿಗೆ ಕಳೆದುಕೊಂಡ. ನಮ್ಮ ಕಡೆಗೆ ಅದೇ ಮರ ಗಲಾಟೆಯಿಲ್ಲದೆ ಬಂದು ಕರಾವಳಿಯವರ ಬಾಯಲ್ಲಿ ಜೀಗುಜ್ಜೆಯಾಗಿ ಪಲ್ಯದ ಬಾಣಲೆಗೆ ಇಳಿಯಿತು.

ಸೀತಾಫಲ, ರಾಮಫಲ, ಲಕ್ಷ್ಮಣಫಲ, ಹನುಮಫಲ ಇವು ಒಂದೇ ಕುಲದ ಹಣ್ಣುಗಳು, ಆ ಕುಲದ ತವರು ಅಮೆರಿಕದ ಉಷ್ಣವಲಯ. ಇಡೀ ಒಂದು ಕುಟುಂಬಕ್ಕೆ ರಾಮಾಯಣದ ನಾಮಕರಣ ಮಾಡಿದ ನಮ್ಮ ಜನರ ಔದಾರ್ಯವನ್ನು ಏನೆನ್ನೋಣ! ಪುರಾಣದ ಹೆಸರಿದ್ದುದರಿಂದ ಹಣ್ಣೂ ಪುರಾಣಕಾಲದ್ದೆಂದು ವಾದಿಸಿದವರುಂಟು. ಭಾರ್ಹುತದ ಶಿಲ್ಪಗಳಲ್ಲಿ ಸೀತಾಫಲವನ್ನು ಕಂಡೆನೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಿಂಗ್‌ಹ್ಯಾಮ್ ಬರೆದ. ನಮ್ಮ ಸೋಮನಾಥಪುರದ ವಿಗ್ರಹಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೆಂದು 1989ರಲ್ಲಿ ಇಬ್ಬರು ಅಮೆರಿಕನ್ ವಿದ್ವಾಂಸರು ವಾದಿಸಿದರು. ಅದು ಮುತ್ತುಗಳಿಂದ ಕಲ್ಪಿಸಿದ ಮುಕ್ತಾಫಲವೆಂದು ನಮ್ಮವರು ಉತ್ತರ ಕೊಟ್ಟರು. ಶಿಲ್ಪಿಯ ಉಳಿಯಿಂದ ಮೂಡಿದ ಹಣ್ಣನ್ನು ನೋಡಿ ಸಸ್ಯದ ಜಾತಿ ನಿರ್ಣಯಿಸುವುದು ಅಪಾಯಕರವೆಂಬುದೇ ನನ್ನ ಅಭಿಪ್ರಾಯ. ಐದು ಶತಮಾನಗಳಿಗೂ ಕಡಿಮೆ ಕಾಲದಲ್ಲಿ ಪರದೇಶದ ಹಣ್ಣೊಂದು ಸೀತೆಯ ಹೆಸರು ಪಡೆಯುವಷ್ಟು ನಮ್ಮದಾಯಿತೆಂಬುದೇ ನನಗೆ ಹೆಚ್ಚಿನ ಆಶ್ಚರ್ಯ.

ಸಾಲ ಏಕಮುಖವಾಗಿರಲಿಲ್ಲ. ಯೂರೋಪಿನ ಭಾಷೆಗಳ ‘ಮ್ಯಾಂಗೊ’ ಮಲೆಯಾಳದ ಮಾಙ್ಙದಿಂದ, ‘ಜ್ಯಾಕ್’ ಚಕ್ಕದಿಂದ ಹೋದ ಮಾತುಗಳು. ಮಾವಿಗೆ ಕಸಿ ಕಟ್ಟುವ ವಿದ್ಯೆಯನ್ನು ಗೋವೆಯ ಪಾದ್ರಿಗಳೇ ಕಲಿಸಿದರೆಂದು ಸಾಮಾನ್ಯವಾಗಿ ಹೇಳುವುದುಂಟು. ಇದು ಅರ್ಧ ಸತ್ಯ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಒಂದರ ಕೊಂಬೆಯನ್ನು ಮತ್ತೊಂದರ ಬುಡಕ್ಕೆ ಸೇರಿಸಿ ಸಗಣಿ ಮೆತ್ತುವ ಕ್ರಮವನ್ನು ಹೇಳಿದ್ದಾನೆ. ಅವನ ಪಟ್ಟಿಯಲ್ಲಿ ಹಲಸು, ನೇರಳೆ, ದಾಳಿಂಬೆಗಳಿವೆ, ಮಾವಿಲ್ಲ. ಮಾವಿನಲ್ಲಿ ಆ ವಿದ್ಯೆಯನ್ನು ವ್ಯಾಪಕವಾಗಿ ನಡೆಸಿ ಒಂದೊಂದು ತಳಿಗೆ ಒಂದೊಂದು ಹೆಸರನ್ನು ಕಾಯಂ ಮಾಡಿದ್ದು ಗೋವೆಯ ಪೋರ್ಚುಗೀಸರು. ಆಲ್ಫಾನ್ಸೊ ಅಲ್ಲಿಯದು; ಉತ್ತರದಲ್ಲಿ ಅದು ಆಪೂಸು, ಹಳೆಯ ಮೈಸೂರಿನ ಸೀಮೆಯಲ್ಲಿ ಬಾದಾಮಿ. ಕಸಿ ಎಂಬ ಕನ್ನಡದ ಮಾತಿಗೆ ಕಿತ್ತುಕೊಳ್ಳುವುದೆಂಬ ಅರ್ಥವೂ ಇರುವುದನ್ನು ಕಂಡು ನಾನು ಒಮ್ಮೊಮ್ಮೆ ನಗುತ್ತೇನೆ.

ನಮ್ಮಿಂದ ಹೋದ ಮಾವಿನ ಒಂದು ಕತೆಯನ್ನು ಇಲ್ಲಿ ಹೇಳಬೇಕು, ಅದೂ ಹಿತ್ತಲಿನದೇ. 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಭಾರತದಿಂದ ಮಾವಿನ ಕಸಿಗಿಡಗಳನ್ನು ತರಿಸಿ ಫ್ಲಾರಿಡಾದಲ್ಲಿ ನೆಡಿಸಿತು. ಚಳಿಗೆ ಸಿಕ್ಕಿ ಉಳಿದದ್ದು ಒಂದೇ. ಅವರು ಮಲ್ಗೋಬ ಎಂದು ಬರೆದುಕೊಂಡ ಗಿಡ. ಅದರ ಹಣ್ಣಿನ ಬೀಜಗಳನ್ನು 1902ರಲ್ಲಿ ಹೇಡನ್ ಎಂಬ ನಿವೃತ್ತ ಸೈನ್ಯಾಧಿಕಾರಿ ತನ್ನ ಮನೆಯ ಅಂಗಳದಲ್ಲಿ ಬಿತ್ತಿದ. ಮುಂದಿನ ವರ್ಷವೇ ತೀರಿಕೊಂಡ. ಸಸಿಗಳಿಗೆ ನೀರೆರೆದು ಕಾಪಾಡಿದವಳು ಅವನ ವಿಧವೆ ಫ್ಲಾರೆನ್ಸ್. 1910ರಲ್ಲಿ ಅವುಗಳಲ್ಲೊಂದು ಕೆಂಪು ಹೊಳಪಿನ ದೊಡ್ಡ ಹಣ್ಣನ್ನು ಬಿಟ್ಟಿತು. ಗಂಡನ ಹೆಸರನ್ನೇ ಅದಕ್ಕಿಟ್ಟರು. ಇಂದು ಯೂರೋಪು ಅಮೆರಿಕಗಳ ಅಂಗಡಿಗಳಲ್ಲಿ ಸಿಕ್ಕುವ ಬಹುಪಾಲು ಕೆಂಪು ಮಾವುಗಳು ಆ ಅಂಗಳದ ಮರದ ಸಂತಾನ. ರುಚಿಯ ವಿಷಯದಲ್ಲಿ ಅವು ನಮ್ಮ ರಸಪುರಿಯ ಹತ್ತಿರ ಸುಳಿಯಲಾರವೆಂಬುದು ಬೇರೆ ಮಾತು.

ಅರಸರ ಸಂಗ್ರಹಕ್ಕೆ ದಾಖಲೆಯ ಕೊರತೆಯಿಲ್ಲ. ಹೈದರನು 1760ರಲ್ಲಿ ತೊಡಗಿ ಟಿಪ್ಪು ಬೆಳೆಸಿದ ಬೆಂಗಳೂರಿನ ತೋಟವನ್ನು 1800ರಲ್ಲಿ ನೋಡಿದ ಬುಕಾನನ್, ಅಲ್ಲಿ ಒಂದೊಂದು ಚೌಕಕ್ಕೆ ಒಂದೊಂದೇ ಬಗೆಯ ಗಿಡವೆಂದು ಬರೆದ. ಇಂದಿನ ಹಿತ್ತಲಿಗೆ ಹತ್ತಿರವಾದ ಕೆಲಸ ಆದದ್ದು ಬಹಳ ಮುಂದೆ, ಮರಿಗೌಡರು ತೋಟಗಾರಿಕೆಯ ನಿರ್ದೇಶಕರಾಗಿದ್ದ 1960ರ ದಶಕದಲ್ಲಿ. ಜಿಲ್ಲೆ ತಾಲ್ಲೂಕುಗಳಲ್ಲಿ ಅವರು ತೆರೆಸಿದ ಕ್ಷೇತ್ರಗಳಿಂದ ಸಪೋಟ, ಸೀಬೆ, ಮಾವಿನ ಕಸಿಗಳು ಸಾಮಾನ್ಯರ ಮನೆಗೆ ಬಂದವು. ನಾನು ಬಾಲ್ಯದಲ್ಲಿ ತಿಂದ ಸಪೋಟ ಅಂಥ ಒಂದು ಗಿಡದ್ದು.

ಕಸಿಗಿಡ ನಂಬಿಕೆಯ ಗಿಡ, ತಾಯಿಯಂತೆಯೇ ಮಗು. ಬೀಜದ ಗಿಡ ಹಾಗಲ್ಲ. ಪಡುವಣ ಕರಾವಳಿಯ ಬಪ್ಪಕ್ಕಾಯಿ, ಓಲೂರಿನಂಥ ಕೆಲವು ಮಾವುಗಳ ಒಂದು ಓಟೆಯಿಂದ ಮೂರು ನಾಲ್ಕು ಮೊಳಕೆಗಳೆದ್ದು ತಾಯಿಯನ್ನೇ ಹೋಲುವುದುಂಟು. ಉಳಿದ ಮಾವಿಗೂ ಹಲಸಿಗೂ ಆ ಭರವಸೆಯಿಲ್ಲ. ಆದ್ದರಿಂದಲೇ ಹಳೆಯ ಹಿತ್ತಲುಗಳಲ್ಲಿ ಪ್ರತಿಯೊಂದು ಮರವೂ ತನ್ನ ಜಾತಿಗೆ ತಾನೊಂದೇ ಆಗಿರುತ್ತಿತ್ತು. ಪ್ರತಿಯೊಂದಕ್ಕೂ ಬೇರೆ ಹೆಸರಿರುತ್ತಿತ್ತು. ನಮ್ಮ ಅಜ್ಜಿಯ ಮನೆಯಲ್ಲಿ ಬಾವಿಮಾವು, ಕೊಟ್ಟಿಗೆಹಲಸು, ಅತ್ತೆಹಲಸು ಎಂದು ಮರಗಳನ್ನು ಕರೆಯುತ್ತಿದ್ದರು. ಅತ್ತೆಹಲಸಿನ ಸೊಳೆ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಹೆಸರಿನ ಕಾರಣವನ್ನು ಅಜ್ಜಿ ಸೊಸೆಯಂದಿರ ಮುಂದೆ ಎಂದೂ ವಿವರಿಸಲಿಲ್ಲ. ಮನೆ ಪಾಲಾದಾಗ ಮೂರೂ ಮರಗಳು ಪಾಲಿನ ಗೋಡೆಗೆ ಅಡ್ಡ ಬಂದವು. ಮರದೊಡನೆ ತಳಿಯೂ ಹೋಯಿತು, ಹೆಸರೂ ಹೋಯಿತು.

ಮಲೆನಾಡಿನ ಉಪ್ಪಿನಕಾಯಿಯ ಅಪ್ಪೆಮಿಡಿಗೆ ಇಂಥದೇ ಹೆಸರುಗಳ ಸಂಪತ್ತಿದೆ: ಅನಂತಭಟ್ಟನ ಅಪ್ಪೆ, ಜೀರಿಗೆಮಿಡಿ, ಕರ್ಪೂರದ ಮಿಡಿ. ಪರಿಮಳದ ಮೇಲೆ ಕೆಲವು, ಮರದ ಒಡೆಯನ ಮೇಲೆ ಕೆಲವು. ಈ ಮರಗಳಿಗೆ ಹೊಳೆಯ ದಂಡೆಯೆಂದರೆ ಪ್ರೀತಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟಿನ ಹಿಂದೆ ಶರಾವತಿಯ ನೀರು ನಿಂತಾಗ ಮುಳುಗಿದ್ದು ಹಳ್ಳಿಗಳು, ಗದ್ದೆಗಳು, ದೇವಸ್ಥಾನಗಳು ಮಾತ್ರವಲ್ಲ. ದಂಡೆಯ ಮಿಡಿಮಾವುಗಳೂ ಮುಳುಗಿದವು. ಮನೆ ಕಳೆದುಕೊಂಡವರ ಲೆಕ್ಕವೇ ಸರಿಯಾಗಿ ತೀರದ ನಾಡಿನಲ್ಲಿ ಮರಗಳ ಲೆಕ್ಕವನ್ನು ಯಾರು ಇಡಬೇಕು? ಉಳಿದ ಮರಗಳಿಂದ ಕಡ್ಡಿ ತಂದು ಕಸಿ ಕಟ್ಟಿ ಹಿತ್ತಲಿನಲ್ಲಿ ಬೆಳೆಸಿದವರು ನಮ್ಮ ಸುತ್ತಿನಲ್ಲಿ ಅನೇಕರಿದ್ದಾರೆ. ಹೊಳೆಯ ಮರವನ್ನು ಮನೆಯ ಮರ ಮಾಡಿದ ಅವರ ಸಾಹಸದಿಂದಲೇ ಕೆಲವು ಹೆಸರುಗಳು ಇಂದಿಗೂ ಬಾಯಲ್ಲಿವೆ. ತುಮಕೂರು ಜಿಲ್ಲೆಯ ಕೃಷಿಕರೊಬ್ಬರ ತಂದೆ ನೆಟ್ಟ ಕೆಂಪು ಸೊಳೆಯ ಹಲಸೊಂದನ್ನು ಹೆಸರಘಟ್ಟದ ಸಂಶೋಧನಾ ಸಂಸ್ಥೆ ಈಚಿನ ವರ್ಷಗಳಲ್ಲಿ ಗುರುತಿಸಿ, ಕಸಿಗಿಡಗಳನ್ನು ಹಂಚಿ, ‘ಸಿದ್ದು’ ಎಂದು ನೆಟ್ಟವರ ಹೆಸರನ್ನೇ ಇಟ್ಟದ್ದೂ ಇದೇ ಬಗೆಯ ಉಪಕಾರ.

ಈಗ ಹೊಸ ಅತಿಥಿಗಳು ಬರುತ್ತಿದ್ದಾರೆ. ಕೊಡಗಿನ ಕಾಫಿತೋಟದವರ ಮೂಲಕ ಬಂದ ಮೆಕ್ಸಿಕೊದ ಆವಕಾಡೊವನ್ನು ಕನ್ನಡಿಗರು ಬೆಣ್ಣೆಹಣ್ಣೆಂದು ಕರೆದರು. ಇದಕ್ಕಿಂತ ಒಳ್ಳೆಯ ಹೆಸರನ್ನು ಪಂಡಿತರ ಸಮಿತಿಯೊಂದು ಹತ್ತು ಸಲ ಸೇರಿದರೂ ಕೊಡಲಾರದು. ಆದರೆ ಅದರ ಅನಂತರ ಬಂದ ಮ್ಯಾಂಗೋಸ್ಟೀನ್, ಡ್ರ್ಯಾಗನ್‌ಫ್ರೂಟ್‌ಗಳು ನರ್ಸರಿಯವರು ಕಟ್ಟಿದ ಚೀಟಿಯೊಡನೆಯೇ ಉಳಿದಿವೆ. 2021ರಲ್ಲಿ ಗುಜರಾತಿನ ಸರ್ಕಾರ ಡ್ರ್ಯಾಗನ್‌ಫ್ರೂಟಿಗೆ ಕಮಲಂ ಎಂದು ಹೆಸರು ಘೋಷಿಸಿತು. ಘೋಷಣೆಯಿಂದ ಹೆಸರು ನಿಲ್ಲುವುದೋ ಇಲ್ಲವೋ ಕಾದು ನೋಡಬೇಕು. ಪರಂಗಿಗೆ, ಗೇರಿಗೆ, ಸೀತಾಫಲಕ್ಕೆ ಹೆಸರಿಟ್ಟವರು ಅವನ್ನು ನೆಟ್ಟು, ಕಾದು, ಕೊಯ್ದು, ನೆರೆಮನೆಗೆ ಹಂಚಿದವರು. ಹಣ್ಣು ಪೆಟ್ಟಿಗೆಯಲ್ಲಿ ಬಂದರೆ ಹೆಸರೂ ಪೆಟ್ಟಿಗೆಯಲ್ಲಿಯೇ ಬರುತ್ತದೆ.

ನಮ್ಮ ಹಿತ್ತಲಿನ ಇಪ್ಪತ್ತಮೂರನೆಯ ಗಿಡ ರಂಬುಟಾನ್. ಪೇಟೆಯಿಂದ ತಂದ ಹಣ್ಣನ್ನು ತಿಂದು ಬೀಜವನ್ನು ನೆಟ್ಟದ್ದು. ಅಂದು ಹಣ್ಣು ತಿಂದ ಬೀದಿಯ ಮಕ್ಕಳು ಅದನ್ನು ಕೂದಲಹಣ್ಣು ಎನ್ನುತ್ತಾರೆ. ಮಲಯ ಭಾಷೆಯಲ್ಲಿ ರಂಬುಟ್ ಎಂದರೆ ಕೂದಲೇ. ಮಕ್ಕಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಗಿಡ ಈಗ ಆಳೆತ್ತರವಾಗಿದೆ. ಬೀಜದಿಂದ ಎದ್ದ ರಂಬುಟಾನ್ ಕೆಲವೊಮ್ಮೆ ಬರಿಯ ಗಂಡು ಹೂಗಳನ್ನೇ ಬಿಡುವುದುಂಟಂತೆ. ನಮ್ಮದು ಯಾವುದೆಂಬುದು ಹೂ ಬಂದ ಮೇಲೆ ತಿಳಿಯಬೇಕು.